ಗ್ರೀಕರ ಹಾಡುಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ ಗ್ರೀಕ್ ನಾಟಕದ ಕೋರಸ್ (ಹಾಡಿ ಕುಣಿಯೋ ತಂಡ) ಬಗ್ಗೆ ಬರೆದಿದ್ದೆ, ಅದನ್ನ ಓದಿ ತುಂಬಾ ಜನ ನಾಟಕಕ್ಕಿಂತ ಹಿಂದಿನ ಹಾಡುಗಳ ಬಗ್ಗೆ ಕೇಳಿದ್ದಾರೆ. ಖುಷಿ ಆಯ್ತು, ನನಗೆ ಬಹಳ ಇಷ್ಟವಾದ ವಿಷಯ ಇದು. ಅದಕ್ಕೇ ಈ ಸಲ ಪೂರ್ತಿ ಅಂಕಣ ಇದಕ್ಕೇ ಇಟ್ಟಿದ್ದೀನಿ.

ಪ್ರಶ್ನೆ: ಸರ್, ಓಡ್, ಎಲಿಜಿ, ಪೀಯನ್, ಡಿಥಿರಾಂಬ್ ಅಂತ ಇಷ್ಟೊಂದು ಹೆಸರು ಬರುತ್ತೆ. ಇವೆಲ್ಲಾ ಭಾವಗೀತೆಯ ಬಗೆಗಳೇನಾ? ಒಂದನ್ನ ಇನ್ನೊಂದರಿಂದ ಬೇರೆ ಮಾಡೋದು ಛಂದಸ್ಸಾ, ವಿಷಯಾನಾ?

ಉತ್ತರ: ಎರಡಕ್ಕೂ ಪಾಲಿದೆ (ಓಡ್ ಅಂದ್ರೆ ಗ್ರೀಕಲ್ಲಿ ಹಾಡು ಅಂತಷ್ಟೇ), ಆದ್ರೆ ಅದಕ್ಕಿಂತ ಮೊದಲು ಕೇಳ್ಬೇಕಾದ ಪ್ರಶ್ನೆ ಬೇರೆ ಇದೆ: ಈ ಹಾಡನ್ನ ಯಾವ ಸಂದರ್ಭಕ್ಕೆ ಕಟ್ಟಿದ್ದು, ಯಾರು ಹಾಡಿದ್ದು, ಯಾರ ಮುಂದೆ, ಯಾವ ವಾದ್ಯದ ಜೊತೆ? ಭಾವಗೀತೆ ಅಂದ ತಕ್ಷಣ ನಮಗೆ ಕವಿ ಒಬ್ಬನೇ ಕೂತು ತನ್ನ ಮನಸ್ಸಿನ ಮಾತು ಹೇಳ್ಕೊಳ್ತಾ ಇರೋದು ಕಣ್ಣಮುಂದೆ ಬರುತ್ತೆ, ಕ್ರಿ.ಪೂ. 7, 6, 5ನೇ ಶತಮಾನದ ಗ್ರೀಕರಿಗೆ ಹಾಗಿರಲಿಲ್ಲ. ಮದುವೆ ಆದ್ರೆ ಹೈಮೆನಿಯಸ್ ಹಾಡ್ಬೇಕು, ಸಾವಾದ್ರೆ ಥ್ರೆನೋಸ್, ದೇವಸ್ಥಾನಕ್ಕೆ ಮೆರವಣಿಗೆ ಹೊರಟ್ರೆ ಪ್ರೊಸೋಡಿಯನ್, ಆಟದಲ್ಲಿ ಗೆದ್ದು ಬಂದ್ರೆ ಎಪಿನಿಕಿಯನ್, ಹುಡುಗಿಯರ ತಂಡ ಕುಣೀತಾ ಹಾಡೋದು ಪಾರ್ಥೆನಿಯನ್, ಅಪೋಲೋ ದೇವರಿಗೆ ಪೀಯನ್, ವೈನಿನ ದೇವರು ಡಯೋನಿಸಸ್‌ಗೆ ಡಿಥಿರಾಂಬ್, ಗೆಳೆಯರು ಸೇರಿ ವೈನ್ ಕುಡಿಯೋ ಕೂಟದಲ್ಲಿ ಸ್ಕೋಲಿಯನ್. ಸಂದರ್ಭ ಮೊದಲು, ಅದರ ಹಿಂದೆ ಹಾಡು.

ದೊಡ್ಡದಾಗಿ ಎರಡು ಭಾಗ ಮಾಡ್ಬಹುದು. ಒಬ್ಬರೇ ಲೈರ್ ಅನ್ನೋ ತಂತಿವಾದ್ಯ ಅಥವಾ ಅದರದ್ದೇ ಜಾತಿಯ ಉದ್ದ ತಂತಿಯ ಬಾರ್ಬಿಟೋಸ್ ಹಿಡ್ಕೊಂಡು ಹಾಡೋದು ಒಂದು, ಸ್ಯಾಫೋ, ಆಲ್ಕೇಯಸ್, ಅನಾಕ್ರಿಯಾನ್ ಹೆಚ್ಚಾಗಿ ಈ ಕಡೆಯವರು. ಇನ್ನೊಂದು ತಂಡ ಸೇರಿ ಹಾಡ್ತಾ ಕುಣಿಯೋದು, ಆಲ್ಕ್‌ಮನ್, ಪಿಂಡಾರ್, ಬ್ಯಾಕಿಲಿಡೀಸ್ ಈ ಕಡೆ. ಈ ಗೆರೆ ಅಷ್ಟು ಗಟ್ಟಿ ಏನಲ್ಲ, ಸ್ಯಾಫೋ ಬರೆದ ಮದುವೆ ಹಾಡುಗಳನ್ನ ಗುಂಪಾಗಿ ಹಾಡಿರ್ತಾರೆ, ಪಿಂಡಾರನ ಕೆಲವು ಹಾಡನ್ನ ಒಬ್ಬನೇ ಹಾಡಿದ್ನಾ ತಂಡ ಹಾಡ್ತಾ ಅಂತ ವಿದ್ವಾಂಸರು ಇವತ್ತಿಗೂ ಜಗಳ ಆಡ್ತಾರೆ.

ನಿಯಮ ಎಷ್ಟು ಬಿಗಿಯಾಗಿತ್ತು ಅನ್ನೋದಕ್ಕೆ ಪ್ಲೇಟೋ ಸಾಕ್ಷಿ. ವಯಸ್ಸಾದ ಮೇಲೆ ಬರೆದ ಸಂವಾದದಲ್ಲಿ ಅವನು ಹೇಳ್ತಾನೆ, ಹಿಂದೆ ಸ್ತೋತ್ರ ಬೇರೆ, ಶೋಕಗೀತೆ ಬೇರೆ, ಪೀಯನ್ ಬೇರೆ, ಡಿಥಿರಾಂಬ್ ಬೇರೆ ಅಂತ ಇತ್ತು, ಒಂದರ ಧಾಟಿ ಇನ್ನೊಂದಕ್ಕೆ ಹಾಕೋ ಹಾಗಿರಲಿಲ್ಲ, ಈಗಿನ ಕವಿಗಳು ಎಲ್ಲಾ ಕಲಸಿಬಿಟ್ರು ಅಂತ. ಸಿಟ್ಟಲ್ಲೇ ಬರೆದಿದ್ದಾನೆ. ಆಮೇಲೆ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಲೈಬ್ರರಿಯ ಪಂಡಿತರು ಈ ಹಾಡುಗಳನ್ನ ಸುರುಳಿ ಸುರುಳಿಯಾಗಿ ಜೋಡಿಸೋಕೆ ಕೂತಾಗ ಹಾಡಿದ ಸಂದರ್ಭ ಮಾಯ ಆಗಿತ್ತು, ಬರೀ ಪಠ್ಯ ಉಳಿದಿತ್ತು, ಆಗ ತೊಂದರೆ ಶುರು. ಬ್ಯಾಕಿಲಿಡೀಸನ ಕಸಾಂಡ್ರಾ ಅನ್ನೋ ಹಾಡನ್ನ ಅಲ್ಲಿನ ಪಂಡಿತ ಕ್ಯಾಲಿಮಾಕಸ್ ಪೀಯನ್ ಜೊತೆ ಇಟ್ಟ, ಯಾಕಂದ್ರೆ ಪೀಯನ್‌ನಲ್ಲಿ ಬರೋ ಕೂಗು ಇದರಲ್ಲೂ ಇತ್ತು. ಅರಿಸ್ಟಾರ್ಕಸ್ ಬಂದು ಇಲ್ಲ, ಇದು ಡಿಥಿರಾಂಬ್ ಅಂದ. ಈ ವಾದ ಒಂದು ಹಳೇ ಪಪೈರಸ್ (ಜೊಂಡಿನ ಕಾಗದ) ಚೂರಲ್ಲಿ ಸಿಕ್ಕಿದೆ. ಅಷ್ಟು ಹತ್ತಿರದ ಕಾಲದವರಿಗೇ ಗೊಂದಲ ಇತ್ತು ಅಂದ್ಮೇಲೆ ನಿಮಗೆ ಹೆಸರುಗಳು ಕಲಸಿಹೋಗೋದ್ರಲ್ಲಿ ಆಶ್ಚರ್ಯ ಇಲ್ಲ.

ಪ್ರಶ್ನೆ: ಎಲಿಜಿ ಅಂದ್ರೆ ಸತ್ತವರಿಗೆ ಬರೆಯೋ ಚರಮಗೀತೆ ಅಲ್ವಾ?

ಉತ್ತರ: ಈಗ ಹೌದು. ಆಗ ಇದು ಒಂದು ಛಂದಸ್ಸಿನ ಹೆಸರು, ಆರು ಗಣದ ಒಂದು ಸಾಲು, ಅದರ ಕೆಳಗೆ ಸ್ವಲ್ಪ ಮೊಟಕಾದ ಇನ್ನೊಂದು ಸಾಲು, ಹೀಗೆ ಜೋಡಿ ಜೋಡಿ. ಇದರ ಜೊತೆ ಲೈರ್ ಅಲ್ಲ, ಔಲೋಸ್ ಅನ್ನೋ ಜೋಡಿ ಕೊಳವೆಯ ವಾದ್ಯ ಊದ್ತಿದ್ರು. ಈ ಜೋಡಿಸಾಲಲ್ಲಿ ಟಿರ್ಟೇಯಸ್ ಸ್ಪಾರ್ಟಾದ ಸೈನಿಕರಿಗೆ ಸಾಲು ಬಿಟ್ಟು ಓಡ್ಬೇಡಿ, ಪಕ್ಕದವನ ಪಕ್ಕದಲ್ಲೇ ನಿಲ್ಲಿ ಅಂತ ಹುರಿದುಂಬಿಸಿದ, ಮಿಮ್ನರ್ಮಸ್ ಯೌವನ ಜಾರಿಹೋಗೋದನ್ನ ಹಾಡಿದ, ಅಥೆನ್ಸ್‌ನ ಸೋಲಾನ್ ತಾನು ಮಾಡಿದ ಕಾನೂನನ್ನ ಸಮರ್ಥನೆ ಮಾಡ್ಕೊಂಡ. ರಾಜಕೀಯ ಭಾಷಣವನ್ನೂ ಪದ್ಯದಲ್ಲೇ ಮಾಡೋ ಕಾಲ ಅದು.

ಪಾರೋಸ್ ದ್ವೀಪದ ಆರ್ಕಿಲೋಕಸ್ ಇದೇ ಛಂದಸ್ಸಲ್ಲಿ ಬರೆದ ನಾಲ್ಕು ಸಾಲು ನನಗೆ ಬಾಯಿಪಾಠ. ನನ್ನ ಗುರಾಣಿಯನ್ನ ಪೊದೆ ಪಕ್ಕ ಬಿಟ್ಟು ಬಂದೆ, ಈಗ ಅದು ಥ್ರೇಸ್‌ನ ಯಾವನೋ ಒಬ್ಬನ ಕೈಲಿ ಮೆರೀತಿದೆ, ನನ್ನ ಜೀವ ಉಳೀತಲ್ಲ, ಗುರಾಣಿ ಹೋದ್ರೆ ಹೋಗ್ಲಿ, ಅದಕ್ಕೇನೂ ಕಮ್ಮಿ ಇಲ್ಲದ ಇನ್ನೊಂದು ತಗೋತೀನಿ, ಇಷ್ಟೇ ತಾತ್ಪರ್ಯ. ಗುರಾಣಿ ಎಸೆಯೋದು ಸೈನಿಕನಿಗೆ ದೊಡ್ಡ ಅವಮಾನ ಅಂತಿದ್ದ ಜನರ ಮುಂದೆ ಹೀಗೆ ಹಾಡೋಕೆ ಎಷ್ಟು ಧೈರ್ಯ ಬೇಕು ನೋಡಿ. ಈ ಪದ್ಯಕ್ಕಾಗಿ ಸ್ಪಾರ್ಟಾದವರು ಅವನನ್ನ ಊರಿಂದ ಓಡಿಸಿದ್ರು ಅಂತ ಬಹಳ ಕಾಲದ ಮೇಲೆ ಬಂದ ಗ್ರೀಕ್ ಲೇಖಕ ಪ್ಲೂಟಾರ್ಕ್ ಒಂದು ಕತೆ ಹೇಳ್ತಾನೆ. ಇದೇ ಆರ್ಕಿಲೋಕಸ್ ಐಯಾಂಬಸ್ ಅನ್ನೋ ಬೈಗುಳದ ಪದ್ಯಕ್ಕೂ ದೊಡ್ಡ ಹೆಸರು. ಬಹಳ ಕಟ್ಟುನಿಟ್ಟಾಗಿ ನೋಡಿದ್ರೆ ಎಲಿಜಿ, ಐಯಾಂಬಸ್ ಎರಡನ್ನೂ ಹಳೇ ಪಂಡಿತರು ಲಿರಿಕ್ ಪಟ್ಟಿಗೆ ಸೇರಿಸ್ತಿರಲಿಲ್ಲ, ಅವರ ಒಂಬತ್ತು ಲಿರಿಕ್ ಕವಿಗಳ ಪಟ್ಟಿಯಲ್ಲಿ ಆರ್ಕಿಲೋಕಸ್ ಇಲ್ಲ. ಇವತ್ತು ನಾವು ಎಲ್ಲಾ ಸೇರಿಸಿ ಓದ್ತೀವಿ, ಅದರಲ್ಲಿ ತಪ್ಪೇನಿಲ್ಲ ಅಂತ ನನಗನ್ಸುತ್ತೆ.

ಪ್ರಶ್ನೆ: ಸ್ಯಾಫೋ ಹೆಸರಿನ ಒಂದು ಪದ್ಯಬಂಧ ಇದೆಯಂತೆ. ಅದರ ಲೆಕ್ಕಾಚಾರ ಸ್ವಲ್ಪ ಬಿಡಿಸಿ ಹೇಳ್ತೀರಾ? ಲಘು ಗುರು ಹಾಕಿ ಅರ್ಥ ಮಾಡ್ಕೊಳ್ಳೋಕೆ ಆಗುತ್ತಾ?

ಉತ್ತರ: ಧಾರಾಳವಾಗಿ ಆಗುತ್ತೆ, ಈ ವಿಷಯದಲ್ಲಿ ಕನ್ನಡ ಓದುಗರ ಕೆಲಸ ಸುಲಭ. ಹಳೇ ಗ್ರೀಕ್ ಛಂದಸ್ಸು ನಡೆಯೋದು ಉಸಿರಿನ ಒತ್ತಿನ ಮೇಲೆ ಅಲ್ಲ, ಅಕ್ಷರ ಎಷ್ಟು ಹೊತ್ತು ನಿಲ್ಲುತ್ತೆ ಅನ್ನೋದರ ಮೇಲೆ. ದೀರ್ಘ ಸ್ವರ ಇದ್ರೆ ಗುರು, ಮುಂದೆ ಎರಡು ವ್ಯಂಜನ ಕೂಡಿ ಬಂದ್ರೂ ಗುರು, ಉಳಿದದ್ದು ಲಘು, ನಾವು ಶಾಲೇಲಿ ಕಲಿತ ಹಾಗೇ.

ಸ್ಯಾಫೋ ಪದ್ಯದಲ್ಲಿ ಮೊದಲ ಮೂರು ಸಾಲಿಗೆ ತಲಾ 11 ಅಕ್ಷರ. ಗುರು ಲಘು ಗುರು, ಆಮೇಲೆ ಲಘುವೋ ಗುರುವೋ ಯಾವುದಾದ್ರೂ ಒಂದು, ಮತ್ತೆ ಗುರು, ಎರಡು ಲಘು, ಗುರು ಲಘು ಗುರು, ಕೊನೇ ಅಕ್ಷರ ಯಾವುದಿದ್ರೂ ನಡೆಯುತ್ತೆ. ನಾಲ್ಕನೇ ಸಾಲು ಬರೀ 5 ಅಕ್ಷರ: ಗುರು, ಎರಡು ಲಘು, ಗುರು, ಕೊನೇದು ಯಾವುದಾದ್ರೂ. 'ಕಾಯುತ ಕೂತೆ' ಅಂತ ಬಾಯಲ್ಲಿ ಹೇಳಿ ನೋಡಿ, ಸರಿಯಾಗಿ ಆ ನಾಲ್ಕನೇ ಸಾಲಿನ ನಡೆ ಅದು. ಮೂರು ಉದ್ದ ಸಾಲು ಉರುಳ್ಕೊಂಡು ಬಂದು ಈ ಪುಟ್ಟ ಸಾಲಿನ ಹತ್ರ ನಿಂತಾಗ ಕಿವಿಗೆ ಒಂದು ತಡೆ ಸಿಗುತ್ತೆ, ಸ್ಯಾಫೋ ಎಷ್ಟೋ ಸಲ ಮುಖ್ಯವಾದ ಮಾತನ್ನ ಅಲ್ಲೇ ಇಡ್ತಾಳೆ, ಇಲ್ಲಾ ವಾಕ್ಯವನ್ನ ಅಲ್ಲಿ ಮುಗಿಸದೇ ಮುಂದಿನ ಪದ್ಯಕ್ಕೆ ದಾಟಿಸಿಬಿಡ್ತಾಳೆ.

ಇನ್ನೊಂದು ಸಂಗತಿ. ಸ್ಯಾಫೋ, ಆಲ್ಕೇಯಸ್ ಇಬ್ಬರೂ ಲೆಸ್ಬೋಸ್ ದ್ವೀಪದವರು, ಹೆಚ್ಚೂಕಮ್ಮಿ ಕ್ರಿ.ಪೂ. 600ರ ಸುಮಾರಿನವರು, ಇವರ ಸಾಲಲ್ಲಿ ಅಕ್ಷರ ಸಂಖ್ಯೆ ಬದಲಾಗೋದಿಲ್ಲ. ಎರಡು ಲಘುವಿನ ಜಾಗಕ್ಕೆ ಒಂದು ಗುರು ಹಾಕೋ ಸ್ವಾತಂತ್ರ್ಯ ಹೋಮರನ ಛಂದಸ್ಸಿಗಿದೆ, ಇಲ್ಲಿಲ್ಲ. ವೇದದ ತ್ರಿಷ್ಟುಪ್‌ನಲ್ಲೂ 11 ಅಕ್ಷರದ ಸಾಲು, ಅಲ್ಲೂ ಕೊನೆಯ ಭಾಗದ ನಡೆ ಬಿಗಿ. ಎರಡೂ ಒಂದೇ ಹಳೇ ಬೇರಿನಿಂದ ಬಂದಿರ್ಬೇಕು ಅಂತ ಫ್ರೆಂಚ್ ಭಾಷಾಶಾಸ್ತ್ರಜ್ಞ ಆಂಟ್ವಾನ್ ಮೇಯೆ 1923ರಲ್ಲಿ ವಾದ ಮಾಡಿದ್ರು. ಎಲ್ಲರೂ ಒಪ್ಪಿಲ್ಲ, ಆದ್ರೂ ಆ ದಾರಿಯಲ್ಲಿ ಕೆಲಸ ಮುಂದುವರಿದಿದೆ.

ಆಲ್ಕೇಯಸ್ ಹೆಸರಲ್ಲೂ ಒಂದು ಪದ್ಯಬಂಧ ಇದೆ, 11, 11, 9, 10 ಅಕ್ಷರದ ನಾಲ್ಕು ಸಾಲು. ಅವನು ಅದರಲ್ಲಿ ಕುಡಿತದ ಹಾಡೂ ಬರೆದ, ಬಿರುಗಾಳಿಗೆ ಸಿಕ್ಕ ಹಡಗಿನ ಹಾಡೂ ಬರೆದ, ಆ ಹಡಗು ಅವನ ಊರಿನ ರಾಜಕೀಯ ಅಂತ ಹಳೇ ಕಾಲದಿಂದ ಓದ್ತಾ ಬಂದಿದ್ದಾರೆ.

ಪ್ರಶ್ನೆ: ಪೀಯನ್ ಮತ್ತು ಡಿಥಿರಾಂಬ್ ಎರಡೂ ದೇವರ ಹಾಡು ಅಂದ್ಮೇಲೆ ವ್ಯತ್ಯಾಸ ಏನು?

ಉತ್ತರ: ದೇವರು ಬೇರೆ, ಮನಸ್ಥಿತಿಯೂ ಬೇರೆ. ಪೀಯನ್ ಅಪೋಲೋಗೆ, ಅದರಲ್ಲಿ ಗಾಂಭೀರ್ಯ ಇರ್ಬೇಕು, 'ಇಯೇ ಪಯಾನ್' ಅನ್ನೋ ಕೂಗು ಪಲ್ಲವಿ ಥರ ಮತ್ತೆ ಮತ್ತೆ ಬರುತ್ತೆ. ರೋಗ ಬಂದಾಗ ಕಾಪಾಡು ಅಂತ ಹಾಡ್ತಿದ್ರು, ಕಷ್ಟ ಕಳೆದಾಗ ಹಾಡ್ತಿದ್ರು, ಯುದ್ಧಕ್ಕೆ ನುಗ್ಗೋ ಮುಂಚೆ ಹಾಡ್ತಿದ್ರು. ಕ್ರಿ.ಪೂ. 413ರಲ್ಲಿ ಸಿಸಿಲಿಯ ಸಿರಾಕ್ಯೂಸ್ ಹತ್ರ ರಾತ್ರಿ ಹೊತ್ತು ನಡೆದ ಕಾಳಗದಲ್ಲಿ ಅಥೆನ್ಸ್ ಕಡೆಯೇ ಇದ್ದ ಡೋರಿಯನ್ ಅನ್ನೋ ಗ್ರೀಕ್ ಪಂಗಡದ ಜನ ಪೀಯನ್ ಹಾಡಿದ್ರು, ಎದುರಾಳಿಗಳೂ ಡೋರಿಯನ್ನರೇ, ಅವರ ಪೀಯನ್ನೂ ಅದೇ ಥರ, ಕತ್ತಲಲ್ಲಿ ಅಥೆನ್ಸ್ ಸೈನಿಕರಿಗೆ ತಮ್ಮವರು ಯಾರು ಶತ್ರು ಯಾರು ಅಂತ ತಿಳೀದೆ ದಿಕ್ಕಾಪಾಲಾದ್ರು ಅಂತ ಇತಿಹಾಸಕಾರ ಥ್ಯುಸಿಡಿಡೀಸ್ ಬರೆದಿದ್ದಾನೆ. ಒಂದು ಹಾಡಿಗೆ ಜನಾಂಗದ ಗುರುತು ಅಷ್ಟು ಅಂಟಿತ್ತು.

ಡಿಥಿರಾಂಬ್ ಡಯೋನಿಸಸ್‌ಗೆ, ಆವೇಶದ್ದು, ಔಲೋಸ್ ಜೊತೆ, 50 ಜನ ವೃತ್ತಾಕಾರದಲ್ಲಿ ಕುಣೀತಾ ಹಾಡೋದು. ಕೊರಿಂತ್‌ನಲ್ಲಿ ಇದಕ್ಕೆ ರೂಪ ಕೊಟ್ಟವನು ಆರಿಯಾನ್ ಅಂತ ಇತಿಹಾಸಕಾರ ಹೆರೊಡೋಟಸ್ ಹೇಳ್ತಾನೆ, ಡಾಲ್ಫಿನ್ ಬೆನ್ನೇರಿ ದಡ ಸೇರಿದ ಕತೆ ಇವನದ್ದೇ. ಅಥೆನ್ಸ್‌ನ ಡಯೋನಿಸಿಯಾ ಹಬ್ಬದಲ್ಲಿ ಇದು ಪೈಪೋಟಿ, ಊರಿನ ಹತ್ತು ಕುಲಗಳ ಹೆಸರಲ್ಲಿ ತಂಡಗಳು ಇಳೀತಿದ್ವು, ಒಬ್ಬ ಶ್ರೀಮಂತ ಖರ್ಚು ಹೊರಬೇಕು, ಗೆದ್ರೆ ಮುಕ್ಕಾಲಿ ಬಹುಮಾನ. ಹಾಗೆ ಗೆದ್ದ ಲಿಸಿಕ್ರೆಟೀಸ್ ಅನ್ನೋನು ಕಟ್ಟಿಸಿದ ಸ್ಮಾರಕ ಅಥೆನ್ಸ್‌ನಲ್ಲಿ ಈಗಲೂ ನಿಂತಿದೆ, ಆ ಗೆಲುವು ಕ್ರಿ.ಪೂ. 335-334ರದ್ದು. ಸಿಮೊನೈಡೀಸ್ ಅನ್ನೋ ಕವಿ ಇಂಥ 56 ಪೈಪೋಟಿ ಗೆದ್ದ ಅಂತ ಅವನ ಹೆಸರಲ್ಲಿರೋ ಒಂದು ಚಿಕ್ಕ ಪದ್ಯ ಹೇಳುತ್ತೆ. ದುರಂತ ನಾಟಕ ಹುಟ್ಟಿದ್ದು ಡಿಥಿರಾಂಬ್ ಹಾಡಿಸ್ತಿದ್ದ ಮುಂದಾಳುಗಳಿಂದ ಅಂತ ಅರಿಸ್ಟಾಟಲ್ ಹೇಳಿದ್ದು ನಿಮಗೆ ಗೊತ್ತಿರ್ಬಹುದು.

ಅಪೋಲೋ ದೇವಸ್ಥಾನ ಇದ್ದ ಡೆಲ್ಫಿಯಲ್ಲಿ ಇವೆರಡಕ್ಕೂ ಸಮಯ ಹಂಚಿದ್ರು ಅನ್ನೋದು ನನಗೆ ಬಹಳ ಹಿಡಿಸಿದ ವಿವರ. ವರ್ಷದ ಬಹುಪಾಲು ಅಲ್ಲಿ ಪೀಯನ್, ಚಳಿಗಾಲದ ಮೂರು ತಿಂಗಳು ಮಾತ್ರ ಅದನ್ನ ನಿಲ್ಲಿಸಿ ಡಿಥಿರಾಂಬ್ ಹಾಡ್ತಿದ್ರು. ಇದನ್ನ ಬರೆದ ಪ್ಲೂಟಾರ್ಕ್ ಅಲ್ಲೇ ಪೂಜಾರಿಯಾಗಿದ್ದವನು, ಹಾಗಾಗಿ ನಂಬ್ಬಹುದು.

ಪ್ರಶ್ನೆ: ಮೇಡಂ ಒಬ್ಬರು ಕೇಳಿದ್ದಾರೆ, ಹೆಣ್ಣುಮಕ್ಕಳು ಸಾರ್ವಜನಿಕವಾಗಿ ಹಾಡ್ತಿದ್ರಾ, ಇಲ್ಲಾ ಸ್ಯಾಫೋ ಒಬ್ಬಳೇನಾ?

ಉತ್ತರ: ಹಾಡ್ತಿದ್ರು ಮೇಡಂ, ಹಬ್ಬಗಳಲ್ಲಿ ಹುಡುಗಿಯರ ತಂಡ ಹಾಡಿ ಕುಣಿಯೋದು ಪದ್ಧತಿಯೇ ಆಗಿತ್ತು. ಸ್ಪಾರ್ಟಾದಲ್ಲಿ ಆಲ್ಕ್‌ಮನ್ ಬರೆದ ಪಾರ್ಥೆನಿಯನ್‌ನ ಸುಮಾರು 100 ಸಾಲು ಉಳಿದಿದೆ, 1855ರಲ್ಲಿ ಈಜಿಪ್ಟಿನ ಸಕ್ಕಾರಾದಲ್ಲಿ ಸಿಕ್ಕಿದ ಪಪೈರಸ್, ಈಗ ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿದೆ. ಹಗೆಸಿಕೋರಾ, ಅಗಿಡೋ ಅನ್ನೋ ಇಬ್ಬರ ಚೆಲುವನ್ನ ತಂಡದ ಹುಡುಗಿಯರು ಓಟದ ಕುದುರೆಗಳಿಗೆ ಹೋಲಿಸಿ ಹೊಗಳ್ತಾರೆ, ತಮ್ಮನ್ನ ತಾವೇ ಕೀಳು ಮಾಡ್ಕೊಂಡು ಹಗೆಸಿಕೋರಾ ಇಲ್ಲದೆ ನಾವೇನು ಅಂತಾರೆ. ಬರೆದವನು ಗಂಡಸು, 'ನಾನು' ಅನ್ನೋದು ಹುಡುಗಿಯರ ತಂಡ. ಗ್ರೀಕ್ ಹಾಡಲ್ಲಿ 'ನಾನು' ಕಂಡ ತಕ್ಷಣ ಅದನ್ನ ಕವಿಯ ಆತ್ಮಕತೆ ಅಂತ ಓದೋಕೆ ಹೋಗ್ಬೇಡಿ ಅಂತ ನಾನು ಪದೇ ಪದೇ ಹೇಳೋದು ಇದಕ್ಕೇ.

ಪ್ರಶ್ನೆ: ಪಿಂಡಾರ್‌ನನ್ನ ಎರಡು ಸಲ ಓದೋಕೆ ಹೋಗಿ ಬಿಟ್ಟೆ. ಕುದುರೆ ಓಡಿಸಿ ಗೆದ್ದ ದುಡ್ಡಿನವರನ್ನ ಹೊಗಳೋ ಪದ್ಯಕ್ಕೆ ಇಷ್ಟು ದೊಡ್ಡ ಹೆಸರು ಯಾಕೆ?

ಉತ್ತರ: ಈ ಪ್ರಶ್ನೆ ಸಿಟ್ಟಲ್ಲೇ ಕೇಳಿದ್ದೀರಿ, ನ್ಯಾಯವಾದ ಪ್ರಶ್ನೆ. ಹೌದು, ದುಡ್ಡು ಕೊಟ್ಟು ಬರೆಸಿದ್ದೇ. ಎಪಿನಿಕಿಯನ್ ಅಂದ್ರೆ ಒಲಿಂಪಿಯಾ, ಡೆಲ್ಫಿ, ನೀಮಿಯಾ, ಇಸ್ತ್‌ಮಸ್ ಈ ನಾಲ್ಕು ಕಡೆ ನಡೀತಿದ್ದ ಕ್ರೀಡಾಕೂಟದಲ್ಲಿ ಗೆದ್ದವನ ಮನೆತನ ಕವಿಗೆ ಹೇಳಿ ಬರೆಸೋ ಹಾಡು. ಸಿಮೊನೈಡೀಸ್ ಬಗ್ಗೆ ಅರಿಸ್ಟಾಟಲ್ ಒಂದು ಕತೆ ಹೇಳ್ತಾನೆ: ಹೇಸರಗತ್ತೆ ಓಟದಲ್ಲಿ ಗೆದ್ದವನು ಕಡಿಮೆ ದುಡ್ಡು ಕೊಡೋಕೆ ಬಂದಾಗ ಹೇಸರಗತ್ತೆ ಮೇಲೆ ಎಂಥ ಪದ್ಯ ಅಂತ ಒಪ್ಪಲಿಲ್ಲವಂತೆ, ಸಾಕಷ್ಟು ಕೊಟ್ಟ ಮೇಲೆ ಬಿರುಗಾಳಿ ಕಾಲಿನ ಕುದುರೆಗಳ ಹೆಣ್ಣುಮಕ್ಕಳೇ ನಿಮಗೆ ಜಯ ಅಂತ ಹಾಡಿದನಂತೆ.

ಆದ್ರೆ ಪಿಂಡಾರ್ ಆ ಕೂಲಿ ಕೆಲಸದೊಳಗೆ ಏನು ಮಾಡಿದ ಅನ್ನೋದನ್ನ ನೋಡಿ. ಗೆದ್ದವನ ಹೆಸರು, ಊರು, ಮನೆತನ ಹೇಳ್ಬೇಕಾದ್ದು ಕರಾರು, ಅದನ್ನ ಬೇಗ ಮುಗಿಸಿ ಒಂದು ಪುರಾಣಕತೆಗೆ ಹಾರ್ತಾನೆ, ಕತೆಯನ್ನ ಮೊದಲಿಂದ ಹೇಳೋದಿಲ್ಲ, ಮಧ್ಯದ ಒಂದು ಕ್ಷಣ ಹಿಡಿದು ಅದನ್ನೇ ಬೆಳಗಿಸಿ, ಅಲ್ಲಿಂದ ಮನುಷ್ಯರ ಮಿತಿ ಬಗ್ಗೆ ಒಂದು ಮಾತು ಹೇಳಿ, ಮತ್ತೆ ಗೆದ್ದವನ ಹತ್ರ ಬರ್ತಾನೆ. ಈ ಜಿಗಿತಗಳೇ ನಿಮಗೆ ಕಷ್ಟ ಕೊಟ್ಟಿರೋದು. ಪದ್ಯದ ಮೈಕಟ್ಟು ಗೊತ್ತಿದ್ರೆ ಸ್ವಲ್ಪ ಸುಲಭ ಆಗುತ್ತೆ: ಮೂರು ಮೂರು ಭಾಗದ ಗುಂಪು, ಮೊದಲನೇದು ಸ್ಟ್ರೋಫಿ, ಎರಡನೇದು ಆಂಟಿಸ್ಟ್ರೋಫಿ, ಇವೆರಡರ ಲಘು ಗುರು ಜೋಡಣೆ ಅಕ್ಷರಕ್ಕೆ ಅಕ್ಷರ ತಾಳೆಯಾಗ್ಬೇಕು, ಮೂರನೇದು ಎಪೋಡ್, ಅದರ ನಡೆ ಬೇರೆ. ಮುಂದಿನ ಗುಂಪಲ್ಲಿ ಇದೇ ಮತ್ತೆ. ತಂಡ ಸ್ಟ್ರೋಫಿಗೆ ಒಂದು ಕಡೆ ಸುತ್ತಿ, ಆಂಟಿಸ್ಟ್ರೋಫಿಗೆ ತಿರುಗಿ ಬಂದು, ಎಪೋಡ್‌ಗೆ ನಿಂತು ಹಾಡ್ತಿತ್ತು ಅಂತ ಹಳೇ ವ್ಯಾಖ್ಯಾನಕಾರರು ಹೇಳ್ತಾರೆ. ಈ ಮೂರರ ಕಟ್ಟನ್ನ ಶುರು ಮಾಡಿದ್ದು ಸಿಸಿಲಿಯ ಸ್ಟೆಸಿಕೋರಸ್ ಅನ್ನೋ ಮಾತೂ ಇದೆ. ಪಿಂಡಾರ್ ಒಂದು ಹಾಡಿನ ಛಂದಸ್ಸನ್ನ ಇನ್ನೊಂದಕ್ಕೆ ಹೆಚ್ಚೂಕಮ್ಮಿ ಯಾವತ್ತೂ ವಾಪಸ್ ಬಳಸಿಲ್ಲ, ಪ್ರತಿ ಸಲ ಹೊಸ ವಿನ್ಯಾಸ ಕಟ್ಟಿ, ಅದಕ್ಕೆ ರಾಗ, ಅದಕ್ಕೆ ಹೆಜ್ಜೆ.

ನೀವು ಬಹುಶಃ ಒಂದನೇ ಒಲಿಂಪಿಯನ್ ಹಾಡಿಂದ ಶುರು ಮಾಡಿದ್ರಿ, ಎಲ್ಲರೂ ಹಾಗೇ ಮಾಡೋದು, ಸಿರಾಕ್ಯೂಸಿನ ದೊರೆ ಹೀರೋನ ಕುದುರೆ ಫೆರೆನಿಕೋಸ್ ಕ್ರಿ.ಪೂ. 476ರಲ್ಲಿ ಗೆದ್ದದ್ದಕ್ಕೆ ಬರೆದದ್ದು ಅದು. ಅದೇ ಗೆಲುವಿಗೆ ಬ್ಯಾಕಿಲಿಡೀಸ್ ಕೂಡ ಒಂದು ಹಾಡು ಬರೆದಿದ್ದಾನೆ, ಎರಡೂ ಉಳಿದಿವೆ. ನನ್ನ ಕೇಳಿದ್ರೆ ಎಂಟನೇ ಪೈಥಿಯನ್ (ಅಂದ್ರೆ ಡೆಲ್ಫಿ ಕೂಟದ) ಹಾಡು ತಗೊಳ್ಳಿ. ಏಜಿನಾ ದ್ವೀಪದ ಕುಸ್ತಿಪಟು ಅರಿಸ್ಟೊಮಿನೀಸ್ ಡೆಲ್ಫಿಯಲ್ಲಿ ನಾಲ್ಕು ಜನರನ್ನ ಕೆಡವಿ ಗೆದ್ದ, ಕ್ರಿ.ಪೂ. 446. ಹೊಗಳ್ಬೇಕಾದ ಜಾಗದಲ್ಲಿ ಪಿಂಡಾರ್ ಸೋತ ಆ ನಾಲ್ವರ ಕಡೆ ತಿರುಗ್ತಾನೆ, ಅವರು ಮನೆಗೆ ವಾಪಸ್ ಬಂದಾಗ ತಾಯಿಯ ಹತ್ರ ಸಿಹಿ ನಗು ಇರಲಿಲ್ಲ, ಸೋಲಿನ ಪೆಟ್ಟು ತಿಂದು ಶತ್ರುಗಳ ಕಣ್ಣಿಗೆ ಬೀಳದ ಹಾಗೆ ಸಂದಿಗೊಂದಿಯಲ್ಲಿ ಅವಿತು ನಡೆದ್ರು ಅಂತ. ಅದಾಗಿ ಸ್ವಲ್ಪ ಮುಂದೆ, ಮನುಷ್ಯ ಒಂದು ದಿನದ ಜೀವಿ, ನೆರಳಿನ ಕನಸು, ಆದ್ರೆ ದೇವರು ಕೊಟ್ಟ ಬೆಳಕು ಬಂದಾಗ ಬಾಳು ಹೊಳೆಯುತ್ತೆ, ಸಿಹಿಯಾಗುತ್ತೆ ಅಂತ ಹೇಳ್ತಾನೆ. ಗೆದ್ದವನ ಮನೆಯವರ ದುಡ್ಡಲ್ಲಿ, ಗೆದ್ದವನ ಮುಂದೇನೇ ಇದನ್ನ ಹಾಡಿಸಿದ್ದು. ಆಗ ಪಿಂಡಾರನಿಗೆ 70 ದಾಟಿತ್ತು. ಹೊಗಳಿಕೆ ಪದ್ಯ ಇದಕ್ಕಿಂತ ಎತ್ತರಕ್ಕೆ ಹೋಗಿದ್ದನ್ನ ನಾನಂತೂ ಎಲ್ಲೂ ಓದಿಲ್ಲ.

ಪ್ರಶ್ನೆ: ಇವುಗಳ ರಾಗ ಏನಾದ್ರೂ ಉಳಿದಿದೆಯಾ?

ಉತ್ತರ: ಸ್ಯಾಫೋದು, ಪಿಂಡಾರನದ್ದು ಒಂದೂ ಇಲ್ಲ. ಪಿಂಡಾರನ ರಾಗ ಅಂತ 17ನೇ ಶತಮಾನದಲ್ಲಿ ಒಂದು ಅಚ್ಚಾಯ್ತು, ಅದು ನಕಲಿ ಅಂತ ಈಗ ಬಹುತೇಕ ಎಲ್ಲರೂ ಒಪ್ತಾರೆ. ತಡವಾದ ಕಾಲದ್ದು ಕೆಲವು ಸಿಕ್ಕಿವೆ. ಡೆಲ್ಫಿಯಲ್ಲಿ ಅಥೆನ್ಸ್‌ನವರ ಖಜಾನೆ ಕಟ್ಟಡದ ಗೋಡೆಕಲ್ಲಿನ ಮೇಲೆ ಅಪೋಲೋ ಸ್ತೋತ್ರ ಎರಡು ಸ್ವರಲಿಪಿ ಸಮೇತ ಕೆತ್ತಿದ್ದಾರೆ, ಕ್ರಿ.ಪೂ. 2ನೇ ಶತಮಾನದ್ದು, 1893ರಲ್ಲಿ ಫ್ರೆಂಚ್ ಪುರಾತತ್ವದವರು ಅಗೆದು ತೆಗೆದ್ರು. ಪದದಲ್ಲಿ ಧ್ವನಿ ಏರೋ ಜಾಗದಲ್ಲಿ ರಾಗವೂ ಏರುತ್ತೆ ಅನ್ನೋದು ಅದರಿಂದ ಗೊತ್ತಾಯ್ತು. ಈಗಿನ ಟರ್ಕಿಯ ಐದಿನ್ ಹತ್ರ ಸಿಕ್ಕ ಸೀಕಿಲೋಸ್‌ನ ಕಲ್ಲಿನ ಮೇಲೆ ಪುಟ್ಟದಾದ್ರೂ ಪೂರ್ತಿ ಹಾಡು ರಾಗದ ಜೊತೆ ಇದೆ, ಅದು ಕೋಪನ್‌ಹೇಗನ್ ಮ್ಯೂಸಿಯಂನಲ್ಲಿದೆ.

ಮಾತುಗಳೂ ಬಹುಪಾಲು ಹೋಗಿವೆ. ಸ್ಯಾಫೋಳ ಮೊದಲನೇ ಪುಸ್ತಕದಲ್ಲೇ 1320 ಸಾಲಿತ್ತು ಅಂತ ಒಂದು ಪಪೈರಸ್ ಕೊನೆಯಲ್ಲಿ ಲೆಕ್ಕ ಬರೆದಿದ್ದಾರೆ, ನಮಗೆ ಖಂಡಿತ ಪೂರ್ತಿ ಅನ್ನೋ ಹಾಗೆ ಸಿಕ್ಕಿರೋದು ಪ್ರೇಮದೇವತೆ ಆಫ್ರೊಡೈಟಿಗೆ ಮಾಡಿದ ಪ್ರಾರ್ಥನೆಯ 28 ಸಾಲು, ಅದೂ ಡಯೊನೀಸಿಯಸ್ ಅನ್ನೋ ವಿಮರ್ಶಕ ಶೈಲಿಗೆ ಉದಾಹರಣೆ ಅಂತ ಎತ್ತಿ ಬರೆದ್ಕೊಂಡಿದ್ದರಿಂದ. ಪಿಂಡಾರನ 17 ಪುಸ್ತಕದಲ್ಲಿ ಹಸ್ತಪ್ರತಿಯಾಗಿ ಉಳಿದಿದ್ದು ವಿಜಯಗೀತೆಯ ನಾಲ್ಕು. ಬ್ಯಾಕಿಲಿಡೀಸ್ ಬರೀ ಹೆಸರಾಗಿದ್ದ, 1896ರಲ್ಲಿ ಈಜಿಪ್ಟಿಂದ ಒಂದು ಪಪೈರಸ್ ಬ್ರಿಟಿಷ್ ಮ್ಯೂಸಿಯಂಗೆ ಬಂದು ಮರುವರ್ಷ ಅಚ್ಚಾದ ಮೇಲೆ ಮತ್ತೆ ಕವಿಯಾದ. ಸ್ಯಾಫೋ ತನ್ನ ಮುಪ್ಪಿನ ಬಗ್ಗೆ ಹಾಡಿದ ಪದ್ಯ ಹೆಚ್ಚಿನಂಶ ಓದೋ ಹಾಗಾಗಿದ್ದು 2004ರಲ್ಲಿ.

ಪ್ರಶ್ನೆ: ಹೊಸಬರು ಯಾವ ಕ್ರಮದಲ್ಲಿ ಓದ್ಬೇಕು?

ಉತ್ತರ: ಸ್ಯಾಫೋಳ ಆಫ್ರೊಡೈಟಿ ಪ್ರಾರ್ಥನೆ ಮೊದಲು, ಆಮೇಲೆ ಮಾತು ನಿಂತು ಮೈಯಲ್ಲಿ ಬೆಂಕಿ ಹರಿಯೋ ಅವಳ ಇನ್ನೊಂದು ಪದ್ಯ, ಅದು ಅರ್ಧಕ್ಕೆ ತುಂಡಾಗಿದೆ, ಪರವಾಗಿಲ್ಲ. ನಂತರ ಆರ್ಕಿಲೋಕಸ್‌ನ ಚೂರುಗಳು, ಸೋಲಾನ್, ಆಲ್ಕ್‌ಮನ್. ಬ್ಯಾಕಿಲಿಡೀಸ್ ಕತೆ ನೇರವಾಗಿ ಹೇಳ್ತಾನೆ, ಅವನನ್ನ ಪಿಂಡಾರ್‌ಗಿಂತ ಮುಂಚೆ ಇಟ್ಕೊಳ್ಳಿ. ಪಿಂಡಾರ್‌ನಲ್ಲಿ ಎಂಟನೇ ಪೈಥಿಯನ್, ಆಮೇಲೆ ಒಂದನೇ ಒಲಿಂಪಿಯನ್, ನಾಲ್ಕನೇ ಪೈಥಿಯನ್ ಮಾತ್ರ ಕೊನೆಗೆ ಇರ್ಲಿ, 13 ಗುಂಪು, 299 ಸಾಲಿದೆ, ಅದಕ್ಕೆ ಒಂದು ಭಾನುವಾರ ಪೂರ್ತಿ ಬೇಕು. ಯಾವುದನ್ನೇ ಓದೋ ಮುಂಚೆ ಇದನ್ನ ಯಾರು ಎಲ್ಲಿ ಹಾಡಿದ್ರು ಅಂತ ಟಿಪ್ಪಣಿ ಇದ್ರೆ ಅದನ್ನ ಮೊದಲು ನೋಡ್ಕೊಳ್ಳಿ, ಆಮೇಲೆ ಪದ್ಯಕ್ಕೆ ಬನ್ನಿ.